ಇಕ್ಕಟ್ಟಿನ ಜಾಗಕ್ಕೆ ಎಷ್ಟು ಹಲ್ಲಿನ ರ‍್ಯಾಚೆಟ್?

ನಾಟಿಯ ಸಮಯದಲ್ಲಿ ಪಂಪ್‌ಸೆಟ್ಟು ಅಥವಾ ಪವರ್ ಟಿಲ್ಲರು ಕೆಟ್ಟು ನಿಂತರೆ, ಒಂದೇ ಒಂದು ನಟ್ಟು ಬಿಚ್ಚಲಾಗದೆ ಅರ್ಧ ದಿನ ಕಳೆಯುವುದುಂಟು. ನಟ್ಟು ಕಣ್ಣಿಗೆ ಕಾಣುತ್ತದೆ, ಸಾಕೆಟ್ಟೂ ಅದರ ಮೇಲೆ ಕೂರುತ್ತದೆ. ಹಿಡಿಯನ್ನು ತಿರುಗಿಸಲು ಮಾತ್ರ ಜಾಗವಿರುವುದಿಲ್ಲ. ಇಂಥ ಕಡೆ ರ‍್ಯಾಚೆಟ್ಟಿನ ಒಳಗಿರುವ ಹಲ್ಲುಗಳ ಸಂಖ್ಯೆಯನ್ನು ಗಮನಿಸಬೇಕಾಗುತ್ತದೆ.

ರ‍್ಯಾಚೆಟ್ಟಿನ ತಲೆಯೊಳಗೆ ಒಂದು ಹಲ್ಲುಗಾಲಿ, ಅದಕ್ಕೆ ಕಚ್ಚುವ ಸ್ಪ್ರಿಂಗಿನ ನಾಲಿಗೆ ಇರುತ್ತವೆ. ಹಿಡಿಯನ್ನು ಹಿಂದಕ್ಕೆ ತಂದಾಗ ನಾಲಿಗೆ ಒಂದು ಹಲ್ಲನ್ನಾದರೂ ದಾಟಿ 'ಟಕ್' ಎಂದು ಕೂತರೆ ಮಾತ್ರ ಮುಂದಿನ ಎಳೆತಕ್ಕೆ ನಟ್ಟು ತಿರುಗುತ್ತದೆ. 360 ಡಿಗ್ರಿಯನ್ನು ಹಲ್ಲುಗಳ ಸಂಖ್ಯೆಯಿಂದ ಭಾಗಿಸಿದರೆ ಎಷ್ಟು ಓಟ ಬೇಕೆಂಬುದು ತಿಳಿಯುತ್ತದೆ. 24 ಹಲ್ಲಿಗೆ 15 ಡಿಗ್ರಿ, 36ಕ್ಕೆ 10, 72ಕ್ಕೆ 5. ಹಿಡಿಯ ಉದ್ದ 25 ಸೆಂ.ಮೀ. ಇದ್ದಲ್ಲಿ, ಅದರ ತುದಿ 24 ಹಲ್ಲಿನದಾದರೆ ಸುಮಾರು 6.5 ಸೆಂ.ಮೀ., 72 ಹಲ್ಲಿನದಾದರೆ 2.2 ಸೆಂ.ಮೀ. ಸರಿಯಬೇಕು. ಸಾಕೆಟ್ಟಿಗೂ ನಟ್ಟಿಗೂ ನಡುವಿನ ಸಡಿಲಿನಿಂದ ಕೆಲಸದಲ್ಲಿ ಇನ್ನೂ ಕೆಲವು ಡಿಗ್ರಿ ಹೆಚ್ಚೇ ಬೇಕಾಗುತ್ತದೆ.

ಹಾಗಾದರೆ ಹಲ್ಲು ಹೆಚ್ಚಿದ್ದಷ್ಟೂ ಒಳ್ಳೆಯದೆ? ಹಾಗೇನೂ ಇಲ್ಲ. ಸಂಖ್ಯೆ ಹೆಚ್ಚಿದಂತೆ ಹಲ್ಲು ಸಣ್ಣದಾಗುತ್ತದೆ, ಆಳ ಕಡಿಮೆಯಾಗುತ್ತದೆ. ನಾಲಿಗೆ ಅಗಲವಾಗಿದ್ದು ಏಕಕಾಲಕ್ಕೆ ಹಲವು ಹಲ್ಲುಗಳನ್ನು ಹಿಡಿಯುವಂತಿದ್ದರೆ ಬಲಕ್ಕೆ ಕೊರತೆಯಿಲ್ಲ. ಅಗ್ಗದ ಮಾಲಿನಲ್ಲಿ ಇದನ್ನು ನಂಬುವಂತಿಲ್ಲ. ನಮ್ಮ ಶೆಡ್ಡುಗಳ ಮಣ್ಣು, ಹೊಟ್ಟಿನ ದೂಳು ಸಣ್ಣ ಹಲ್ಲುಗಳ ಸಂದಿಯಲ್ಲಿ ಸೇರಿದರೆ ನಾಲಿಗೆ ಪೂರ್ತಿ ಕೂರುವುದಿಲ್ಲ. ಪೂರಾ ಬಲ ಹಾಕಿದಾಗ ಜಾರಿ ಕೈಗೆಣ್ಣು ಒಡೆಯುತ್ತದೆ. (ಒಡೆದುಕೊಂಡವರಲ್ಲಿ ಈ ಲೇಖಕನೂ ಒಬ್ಬ.) ಮಂದವಾದ ಗ್ರೀಸ್ ತುಂಬಿದರೂ ಇದೇ ತೊಂದರೆ. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ನಾಲ್ಕು ಹನಿ ತೆಳು ಎಣ್ಣೆ ಬಿಟ್ಟರೆ ಸಾಕು.

ತುಕ್ಕು ಹಿಡಿದ ನಟ್ಟನ್ನು ರ‍್ಯಾಚೆಟ್ಟಿನಿಂದ ಒಡೆದು ಬಿಡಿಸಲು ಹೋಗಬಾರದು. ಹಿಡಿಗೆ ಪೈಪು ಸಿಕ್ಕಿಸುವುದಂತೂ ಬೇಡವೇ ಬೇಡ. ಮೊದಲ ಪಟ್ಟು ರಿಂಗ್ ಸ್ಪ್ಯಾನರಿನಿಂದ ಸಡಿಲಿಸಿ, ಉಳಿದದ್ದಕ್ಕೆ ರ‍್ಯಾಚೆಟ್ ಬಳಸಿರಿ. ರಿಂಗ್ ಸ್ಪ್ಯಾನರಿಗೆ ಜಾಗವಿಲ್ಲದ ಕಡೆ ಉದ್ದನೆಯ ಸರಳು ಜೋಡಿಸಿ, ಹಿಡಿಯನ್ನು ಇಕ್ಕಟ್ಟಿನಿಂದ ಹೊರಕ್ಕೆ ತಂದು, ಟಿ-ಹಿಡಿಯಿಂದ ತಿರುಗಿಸಬಹುದು.

ಕೊಳ್ಳುವಾಗ ಅಂಗಡಿಯಲ್ಲೇ ಸಾಕೆಟ್ ಕೂರಿಸುವ ಚೌಕವನ್ನು ಒಂದು ಸುತ್ತು ತಿರುಗಿಸಿ 'ಟಕ್' ಸದ್ದುಗಳನ್ನು ಎಣಿಸಿ ನೋಡಿರಿ. ಎರಡು ನಾಲಿಗೆಗಳು ಸರದಿಯಂತೆ ಕಚ್ಚುವ ಮಾದರಿಗಳಲ್ಲಿ 60 ಹಲ್ಲಿಗೆ 120 ಸದ್ದು ಬರುತ್ತದೆ. ಓಟದ ಲೆಕ್ಕಕ್ಕೆ ಸದ್ದೇ ಪ್ರಮಾಣ. ಮನೆಗೆ ಒಂದೇ ಸಾಕೆಂದರೆ ಅರ್ಧ ಇಂಚಿನ, 72 ಹಲ್ಲಿನದು ಎಂಬುದು ನನ್ನ ಅಭಿಪ್ರಾಯ.

ನಟ್ಟು ಪೂರ್ತಿ ಸಡಿಲವಾದ ಮೇಲೆ, ಹಿಡಿ ಹಿಂದಕ್ಕೆ ಬರುವಾಗ ನಟ್ಟೂ ಜೊತೆಗೇ ತಿರುಗಿ ಬರುವುದುಂಟು. ಆಗ ಸಾಕೆಟ್ಟನ್ನು ಬೆರಳಿನಿಂದ ಹಿಡಿದುಕೊಳ್ಳಿರಿ, ಇಲ್ಲವೆ ರ‍್ಯಾಚೆಟ್ ತೆಗೆದಿಟ್ಟು ಕೈಯಿಂದಲೇ ಬಿಚ್ಚಿರಿ.