ಬೆಂಕಿ ಆರಿಸುವ ಖರ್ಚು ಯಾರ ಲೆಕ್ಕಕ್ಕೆ?

1666ರ ಮಹಾ ಬೆಂಕಿ ಲಂಡನ್ನಿನ ಹದಿಮೂರು ಸಾವಿರದಷ್ಟು ಮನೆಗಳನ್ನು ಸುಟ್ಟುಹಾಕಿತು. ಅದಾದ ಹದಿನಾಲ್ಕೈದು ವರ್ಷಕ್ಕೆ ನಿಕೋಲಸ್ ಬಾರ್ಬನ್ ಎಂಬ ಕಟ್ಟಡ ವ್ಯವಹಾರಸ್ಥ ಬೆಂಕಿ ವಿಮೆ ಶುರುಮಾಡಿದ. ವಿಮೆಯ ಮನೆ ಸುಟ್ಟರೆ ಕೈ ಕಚ್ಚುವುದು ಕಂಪನಿಗೇ ತಾನೆ? ಹಾಗಾಗಿ ಕಂಪನಿಗಳು ಥೇಮ್ಸ್ ನದಿಯ ಅಂಬಿಗರಿಗೆ ಬಣ್ಣಬಣ್ಣದ ಸಮವಸ್ತ್ರ ತೊಡಿಸಿ ಸ್ವಂತ ದಳ ಕಟ್ಟಿಕೊಂಡವು. ಗ್ರಾಹಕರ ಗೋಡೆಗೆ ಸೀಸದ ಬಿಲ್ಲೆ ಬಡಿದವು. ಬಿಲ್ಲೆ ಇಲ್ಲದ ಮನೆ ಉರಿಯುತ್ತಿದ್ದರೂ ದಳದವರು ಕೈಕಟ್ಟಿ ನಿಲ್ಲುತ್ತಿದ್ದರು ಎಂಬ ಕಥೆ ಸ್ವಾರಸ್ಯಕರ, ಆದರೆ ಅದಕ್ಕೆ ಗಟ್ಟಿ ಪುರಾವೆಯಿಲ್ಲ. ಪಕ್ಕದ ಮನೆಯ ಕಿಡಿ ವಿಮೆಯ ಮನೆಗೂ ಹಾರುತ್ತದಲ್ಲ!

1833ರಲ್ಲಿ ಹತ್ತು ಕಂಪನಿಗಳು ತಮ್ಮ ದಳಗಳನ್ನು ಒಂದುಗೂಡಿಸಿ, ಎಡಿನ್‌ಬರೋದಲ್ಲಿ ಹೆಸರು ಮಾಡಿದ್ದ ಜೇಮ್ಸ್ ಬ್ರೇಡ್‌ವುಡ್‌ನನ್ನು ಕರೆತಂದವು. ಬೀದಿಯಲ್ಲಿ ನಿಂತು ನೀರು ಎರಚಿದರೆ ಸಾಲದು, ಒಳಹೊಕ್ಕು ಉರಿಯ ಬುಡಕ್ಕೇ ಹಾಯಿಸಬೇಕು ಎಂಬುದು ಅವನ ಪಾಠ. ಕೈಪಂಪು ಒತ್ತಲು ದಾರಿಹೋಕರನ್ನೇ ಕರೆದು ಕಾಸು, ಬಿಯರ್ ಕೊಡುತ್ತಿದ್ದರು. ಆದರೂ ಇದು ಕಂಪನಿಗಳ ದಳ. ಮೊದಲ ಕಾಳಜಿ ಆಸ್ತಿ. ಮಹಡಿಯಲ್ಲಿ ಸಿಕ್ಕಿಬಿದ್ದವರನ್ನು ಇಳಿಸಲು ಬೀದಿಗಳಲ್ಲಿ ಗಾಲಿಯೇಣಿ ಕಾಯುತ್ತಿದ್ದವರು ದೇಣಿಗೆಯಿಂದ ನಡೆಯುತ್ತಿದ್ದ ಬೇರೊಂದು ಸಂಘದವರು. ಜೀವ ಉಳಿಸುವುದು ಧರ್ಮಕಾರ್ಯ, ಗೋದಾಮು ಉಳಿಸುವುದು ವ್ಯವಹಾರ ಎಂಬ ಈ ವಿಂಗಡಣೆ ಆಗ ಯಾರಿಗೂ ಅಷ್ಟೇನೂ ವಿಚಿತ್ರವೆನಿಸಿರಲಿಲ್ಲವೇನೋ.

1861ರ ಜೂನ್ 22ರಂದು ಲಂಡನ್ನಿನ ಟೂಲಿ ಸ್ಟ್ರೀಟ್‌ನ ಗೋದಾಮುಗಳಿಗೆ ಬೆಂಕಿ ಬಿತ್ತು. ಸೆಣಬು, ಹತ್ತಿ, ಸಕ್ಕರೆ, ಕೊಬ್ಬು ತುಂಬಿದ್ದ ಮಳಿಗೆಗಳವು. ಬೆಂಕಿ ತಡೆಯಲೆಂದೇ ಇಟ್ಟಿದ್ದ ಕಬ್ಬಿಣದ ಬಾಗಿಲುಗಳನ್ನು ಮುಚ್ಚಿರಲಿಲ್ಲ. ಸಿಬ್ಬಂದಿಯನ್ನು ಹುರಿದುಂಬಿಸುತ್ತ ನಿಂತಿದ್ದ ಬ್ರೇಡ್‌ವುಡ್ ಮೇಲೆ ಗೋಡೆ ಕುಸಿಯಿತು. ಬೆಂಕಿ ಪೂರ್ತಿ ಆರಲು ಎರಡು ವಾರ ಹಿಡಿಯಿತು. ನಷ್ಟ ಸುಮಾರು 20 ಲಕ್ಷ ಪೌಂಡ್. ಕಂಪನಿಗಳು ಪ್ರೀಮಿಯಂ ಏರಿಸಿದವು, ಇನ್ನು ಈ ಹೊರೆ ನಮ್ಮಿಂದಾಗದು ಎಂದು ಸರ್ಕಾರದ ಬಾಗಿಲು ತಟ್ಟಿದವು.

ಸರ್ಕಾರ 1865ರಲ್ಲಿ ಕಾಯ್ದೆ ತಂದಿತು. ಮರುವರ್ಷದಿಂದ ಮೆಟ್ರೊಪಾಲಿಟನ್ ಫೈರ್ ಬ್ರಿಗೇಡ್ ಸಾರ್ವಜನಿಕ ಸೇವೆಯಾಯಿತು. ಖರ್ಚಿನ ಹಂಚಿಕೆಯಲ್ಲಿ ಚೌಕಾಸಿಯ ವಾಸನೆ ಸ್ಪಷ್ಟವಾಗಿದೆ: ಆಸ್ತಿ ತೆರಿಗೆಯಲ್ಲಿ ಪೌಂಡಿಗೆ ಅರ್ಧ ಪೆನ್ನಿ, ಸರ್ಕಾರದಿಂದ ವರ್ಷಕ್ಕೆ 10,000 ಪೌಂಡ್, ಕಂಪನಿಗಳಿಂದ ಪ್ರತಿ ಹತ್ತು ಲಕ್ಷ ಪೌಂಡ್ ವಿಮೆಗೆ 35 ಪೌಂಡ್. ಬೆಳೆಯುತ್ತಲೇ ಇದ್ದ ನಗರಕ್ಕೆ ಇದೆಲ್ಲಿ ಸಾಕಾದೀತು? ಬ್ರಿಗೇಡಿನ ಮುಖ್ಯಸ್ಥ ಐರ್ ಮ್ಯಾಸಿ ಶಾ ಹೆಚ್ಚಿನ ಹಣಕ್ಕಾಗಿ ವರ್ಷಗಟ್ಟಲೆ ಅದರ ಹೊಣೆ ಹೊತ್ತಿದ್ದ ನಗರ ಮಂಡಳಿಯ ಮುಂದೆ ವಾದಿಸಬೇಕಾಯಿತು. ಇಷ್ಟರ ನಡುವೆಯೇ, 1867ರಲ್ಲಿ, ದೇಣಿಗೆಯಿಂದ ನಡೆಯುತ್ತಿದ್ದ ಆ ಸಂಘದ ಗಾಲಿಯೇಣಿಗಳೂ ಬ್ರಿಗೇಡ್‌ನ ಸುಪರ್ದಿಗೆ ಬಂದವು.