ರೋಗಿಗೆ ಹಣ್ಣು ಒಯ್ಯುವ ಮುನ್ನ

ಶಿವಾಜಿನಗರದ ರಸೆಲ್ ಮಾರುಕಟ್ಟೆ 1927ರಲ್ಲಿ ಕಟ್ಟಿದ್ದು. ಅಲ್ಲಿ ಈಗ ಸೇಬು, ದಾಳಿಂಬೆ, ಖರ್ಜೂರದ ಪಕ್ಕದಲ್ಲೇ ಕಿವಿ, ಡ್ರ್ಯಾಗನ್ ಫ್ರೂಟ್, ರಂಬುಟಾನ್ ಕಾಣಸಿಗುತ್ತವೆ. ಮಕ್ಕಳು ಕೇಳುತ್ತಾರೆ, ನಮಗೂ ರುಚಿ ನೋಡುವ ಆಸೆ. ಹತ್ತಿರದ ಬೌರಿಂಗ್ ಆಸ್ಪತ್ರೆಗೆ ರೋಗಿಯನ್ನು ನೋಡಲು ಹೊರಟವರೂ ಹಣ್ಣು ಕಟ್ಟಿಸಿಕೊಳ್ಳುತ್ತಾರೆ. ತಿನ್ನಿ, ಕೊಡಿ. ಆದರೆ ತಿನ್ನುವವರ ದೇಹಸ್ಥಿತಿ ತಿಳಿದು ಕೊಡಿ.

ಯುನಾನಿಯಲ್ಲಿ ಪ್ರತಿ ಆಹಾರಕ್ಕೂ ಒಂದು ಮಿಜಾಜ್ ಇದೆ: ಉಷ್ಣ, ಶೀತ, ಒಣ, ತೇವ. ಆದರೆ ಡ್ರ್ಯಾಗನ್ ಫ್ರೂಟ್, ಬಟರ್ ಫ್ರೂಟ್ ಮೂಲತಃ ಅಮೆರಿಕ ಖಂಡದವು. ಸಾವಿರ ವರ್ಷದ ಹಿಂದಿನ ಇಬ್ನ್ ಸೀನಾರ 'ಅಲ್ ಕಾನೂನ್'ನಲ್ಲಿ ಇವುಗಳನ್ನು ಹುಡುಕಿದರೆ ಸಿಗವು. ಆದ್ದರಿಂದ ಇಲ್ಲಿ ನೋಡಬೇಕಾದ್ದು ತಿನ್ನುವವರ ಮಿಜಾಜ್ ಮತ್ತು ಕಾಯಿಲೆ.

ಕಾಯಿಲೆಯಿಂದ ಆಗಷ್ಟೇ ಚೇತರಿಸಿಕೊಳ್ಳುತ್ತಿದ್ದ ಹ. ಅಲಿ(ರ) ತೂಗುಹಾಕಿದ್ದ ಖರ್ಜೂರ ತಿನ್ನತೊಡಗಿದಾಗ ಪ್ರವಾದಿ(ಸ) ತಡೆದರು. ಬಾರ್ಲಿಯ ಅಡುಗೆ ಬಂದಾಗ ಅದನ್ನು ತಿನ್ನಲು ಹೇಳಿದರು ಎಂದು ಅಬೂದಾವೂದ್, ತಿರ್ಮಿದಿ ಗ್ರಂಥಗಳಲ್ಲಿದೆ. ಖರ್ಜೂರದಂಥ ಒಳ್ಳೆಯ ಹಣ್ಣಿಗೂ ಪಥ್ಯವಿದೆ ಎಂದಾಯಿತು.

ಮೂತ್ರಪಿಂಡದ ರೋಗಿಗಳೇ, ಗಮನಿಸಿ

ಎಲ್ಲಕ್ಕಿಂತ ಅಪಾಯದ್ದು ಕಮರಾಕ್ಷಿ, ಅಂದರೆ ಸ್ಟಾರ್ ಫ್ರೂಟ್. ಅದರಲ್ಲಿರುವ ಕ್ಯಾರಂಬಾಕ್ಸಿನ್ ಎಂಬ ವಿಷಾಂಶವನ್ನು ಆರೋಗ್ಯವಂತ ಮೂತ್ರಪಿಂಡ ಹೊರಹಾಕುತ್ತದೆ. ದುರ್ಬಲಗೊಂಡ ಮೂತ್ರಪಿಂಡಕ್ಕೆ ಅದು ಸಾಧ್ಯವಿಲ್ಲ. ವಿಷ ಮೆದುಳನ್ನು ಮುಟ್ಟುತ್ತದೆ. ಮೊದಲು ನಿಲ್ಲದ ಬಿಕ್ಕಳಿಕೆ, ವಾಂತಿ. ಆಮೇಲೆ ಗೊಂದಲ, ಫಿಟ್ಸ್. ಒಂದೇ ಹಣ್ಣಿನಿಂದ ಈ ಸ್ಥಿತಿಗೆ ಬಂದವರಿದ್ದಾರೆ, ಸಾವುಗಳೂ ಸಂಭವಿಸಿವೆ. ಇಲ್ಲಿ ಮನೆಮದ್ದಾಗಲಿ ನಮ್ಮ ಜವಾರಿಶ್ ಆಗಲಿ ನಡೆಯದು. ತಡಮಾಡದೆ ಡಯಾಲಿಸಿಸ್ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ಆರೋಗ್ಯವಂತರೂ ಇದರ ರಸವನ್ನು ಬರಿ ಹೊಟ್ಟೆಯಲ್ಲಿ ಲೋಟಗಟ್ಟಲೆ ಕುಡಿಯಬಾರದು.

ಬಟರ್ ಫ್ರೂಟ್, ಕಿವಿಯಲ್ಲಿ ಪೊಟ್ಯಾಸಿಯಂ ಹೆಚ್ಚು. 100 ಗ್ರಾಂ ಬಟರ್ ಫ್ರೂಟ್‌ನಲ್ಲಿ ಸುಮಾರು 485 ಮಿಲಿಗ್ರಾಂ ಇದ್ದು, ಬಾಳೆಹಣ್ಣನ್ನೂ ಮೀರಿಸುತ್ತದೆ. ಡಯಾಲಿಸಿಸ್‌ನಲ್ಲಿರುವವರು ವೈದ್ಯರನ್ನು ಕೇಳದೆ ಇವನ್ನು ಮುಟ್ಟಬಾರದು. ಕೊಲೆಸ್ಟರಾಲ್ ಅಥವಾ ಬಿ.ಪಿ. ಮಾತ್ರೆ ನುಂಗುವವರು ಗ್ರೇಪ್‌ಫ್ರೂಟ್ ತಿನ್ನುವ ಮೊದಲು ಕೇಳಿ. ಅದು ಕೆಲವು ಮಾತ್ರೆಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ. ಸಕ್ಕರೆ ಕಾಯಿಲೆಯವರು ಯಾವ ಹಣ್ಣನ್ನೂ ಜ್ಯೂಸ್ ಮಾಡಿ ಕುಡಿಯದೆ ಹೋಳಾಗಿ, ಮಿತವಾಗಿ ತಿನ್ನಲಿ.

ಮೊದಲ ಸಲ ತಿನ್ನುವಾಗ

* ಒಂದು ದಿನಕ್ಕೆ ಒಂದೇ ಹೊಸ ಹಣ್ಣು, ಅದೂ ಒಂದು ಸಣ್ಣ ಹೋಳು. ತೊಂದರೆಯಾದರೆ ಯಾವುದರಿಂದ ಎಂದು ತಿಳಿಯುತ್ತದೆ.
* ಕಿವಿ ತಿಂದು ತುಟಿ, ನಾಲಿಗೆ ತುರಿಸಿದರೆ ನಿಲ್ಲಿಸಿ. ಮುಖ ಊದಿದರೆ, ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಗೆ ಹೋಗಿ.
* ಕೆಂಪು ತಿರುಳಿನ ಡ್ರ್ಯಾಗನ್ ಫ್ರೂಟ್ ತಿಂದ ಮೇಲೆ ಮೂತ್ರ ಕೆಂಪಗಾಗಬಹುದು. ಅದು ಹಣ್ಣಿನ ಬಣ್ಣ, ಗಾಬರಿ ಬೇಡ. ಎರಡು ದಿನವಾದರೂ ಹೋಗದಿದ್ದರೆ ಪರೀಕ್ಷಿಸಿಕೊಳ್ಳಿ.
* ಸಿಪ್ಪೆ ತೆಗೆಯುವ ಹಣ್ಣನ್ನೂ ಹೆಚ್ಚುವ ಮೊದಲು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ಹೆಚ್ಚಿಟ್ಟು ಮಾರುವುದನ್ನು ಕೊಳ್ಳಬೇಡಿ.

ದುಬಾರಿ ಹಣ್ಣಿನಲ್ಲೇ ಶಕ್ತಿ ಹೆಚ್ಚೆಂದು ಸಾಲ ಮಾಡಿ ಕೊಳ್ಳಬೇಕಿಲ್ಲ. ನಮ್ಮ ಸೀಬೆಹಣ್ಣಿನಲ್ಲಿ ಹಸಿರು ಕಿವಿಗಿಂತ ಹೆಚ್ಚು ವಿಟಮಿನ್ ಸಿ ಇದೆ. ರೋಗಿಯ ಸಂದರ್ಶನ ಪುಣ್ಯದ ಕೆಲಸ. ಹೊರಡುವ ಮೊದಲು ಮನೆಯವರಿಗೆ ಒಂದು ಫೋನ್ ಮಾಡಿ, 'ಏನು ತಿನ್ನಬಹುದು?' ಎಂದು ಕೇಳಿ.