ಹಾಡುಗಾರನೂ ಅವನ ಅಭಿಮಾನಿಗಳೂ

'ಅಭಿಮಾನಿ' ಎಂಬ ಮಾತನ್ನು ನಾವು ದಿನಕ್ಕೆ ಹತ್ತು ಸಲ ಕೇಳುತ್ತೇವೆ. ನಟನ ಅಭಿಮಾನಿ, ಆಟಗಾರನ ಅಭಿಮಾನಿ, ಗಾಯಕನ ಅಭಿಮಾನಿ. ಮೆಚ್ಚಿಕೊಂಡವನು, ಪ್ರೀತಿಸುವವನು ಎಂಬ ಅರ್ಥದಲ್ಲಿ ಅದು ಕನ್ನಡದಲ್ಲಿ ನೆಲೆಯೂರಿದೆ. ಆದರೆ ಸಂಸ್ಕೃತದಲ್ಲಿ ಈ ಶಬ್ದಕ್ಕೆ ಮುಖ್ಯಾರ್ಥ ಬೇರೆ: ಗರ್ವ, 'ನಾನು', 'ನನ್ನದು' ಎಂಬ ಭಾವ. ಸಾಂಖ್ಯರು ಅಹಂಕಾರದ ಲಕ್ಷಣವನ್ನು ಹೇಳುವಾಗ ಬಳಸುವ ಶಬ್ದವೇ ಇದು. ನಮ್ಮ 'ದುರಭಿಮಾನ'ದಲ್ಲಿ ಆ ಹಳೆಯ ಅರ್ಥ ಇನ್ನೂ ಉಳಿದುಕೊಂಡಿದೆ. ಪ್ರೀತಿಯೂ ಒಡೆತನವೂ ಒಂದೇ ಮಾತಿನೊಳಗೆ ಮನೆಮಾಡಿರುವುದು ಕೇವಲ ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಅಮೆರಿಕದ ಜನಪದಗೀತೆ ಮತ್ತು ರಾಕ್ ಸಂಗೀತದ ಚರಿತ್ರೆಯಲ್ಲಿ ಇದಕ್ಕೊಂದು ಸೊಗಸಾದ ನಿದರ್ಶನವಿದೆ. ಅದನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಪಕ್ಕದ ಕೋಣೆಯಿಂದ ಮಗನದೋ ಮಗಳದೋ ಗಿಟಾರಿನ ಹಾಡು ಕೇಳಿಬಂದಾಗ 'ಇದೂ ಒಂದು ಸಂಗೀತವೇ?' ಎಂದು ಗೊಣಗುವವರಲ್ಲಿ ನೀವೂ ಒಬ್ಬರಾಗಿರಬಹುದು. ರೇಡಿಯೋದ ಕಿವಿ ತಿರುಚುವ ಮುನ್ನ ಒಂದು ಸಂಗತಿಯನ್ನು ಗಮನಿಸಿರಿ. ನಮ್ಮ ಶಾಲೆಗಳಲ್ಲಿ ಮಕ್ಕಳು ಸಾಲಾಗಿ ನಿಂತು ಹಾಡುವ 'ಹಮ್ ಹೋಂಗೇ ಕಾಮಯಾಬ್' ಎಂಬ ಹಿಂದಿ ಗೀತೆಯನ್ನು ನೀವೆಲ್ಲ ಕೇಳಿದ್ದೀರಿ. ಗಿರಿಜಾಕುಮಾರ ಮಾಥುರರು ಹಿಂದಿಗೆ ತಂದ ಆ ಗೀತೆಯ ತವರು ಅಮೆರಿಕ. ಅಲ್ಲಿನ ಕಪ್ಪು ಜನರ ಚರ್ಚುಗಳ ಭಕ್ತಿಗೀತೆಯಲ್ಲಿ ಅದರ ಬೇರಿದೆ. 1945-46ರಲ್ಲಿ ದಕ್ಷಿಣ ಕ್ಯಾರೊಲೈನಾದ ಚಾರ್ಲ್ಸ್‌ಟನ್ನಿನಲ್ಲಿ ತಂಬಾಕಿನ ಕಾರ್ಖಾನೆಯ ಹೆಂಗಸರು ಮುಷ್ಕರ ಹೂಡಿದಾಗ ಅದು ಹೋರಾಟದ ಹಾಡಾಯಿತು. ಅವರಿಂದ ಅದನ್ನು ಟೆನೆಸಿ ಸೀಮೆಯ ಹೈಲ್ಯಾಂಡರ್ ಶಾಲೆಯ ಜಿಲ್ಫಿಯಾ ಹಾರ್ಟನ್ ಎಂಬಾಕೆ ಕಲಿತರು. ಆಕೆಯಿಂದ ಪೀಟ್ ಸೀಗರ್ ಎಂಬ ಬ್ಯಾಂಜೋ ವಾದಕರು ಕಲಿತರು. ಪ್ರತಿಯೊಬ್ಬರ ಬಾಯಲ್ಲೂ ಮಾತು ಸ್ವಲ್ಪ ಬದಲಾಯಿತು, ನಡಿಗೆ ಸ್ವಲ್ಪ ಬದಲಾಯಿತು. 1960ರ ಹೊತ್ತಿಗೆ ಅದು 'ವಿ ಶಲ್ ಓವರ್‌ಕಮ್' ಎಂಬ ಹೆಸರಿನಲ್ಲಿ ನಾಗರಿಕ ಹಕ್ಕಿನ ಚಳವಳಿಯ ಗೀತೆಯಾಗಿತ್ತು. ಹೀಗೆ, ತಿಳಿದೋ ತಿಳಿಯದೆಯೋ, ನೀವೂ ಆ ಸಂಗೀತದ ಶ್ರೋತೃಗಳೇ ಆಗಿದ್ದೀರಿ.

ಜನಪದಗೀತೆ ಬದುಕುವ ಬಗೆಯೇ ಇದು. ಒಬ್ಬರ ಧಾಟಿ ಇನ್ನೊಬ್ಬರ ಮಾತಿಗೆ ಆಸರೆಯಾಗುತ್ತದೆ. ಇದನ್ನು ಇನ್ನೊಂದು ಸರಪಳಿಯಲ್ಲಿ ನೋಡೋಣ. ವರ್ಜೀನಿಯಾದ ಬೆಟ್ಟಗಾಡಿನಲ್ಲಿ ಕಾರ್ಟರ್ ಎಂಬ ಮನೆತನದ ಮೂವರು ಹಾಡುತ್ತಿದ್ದರು: ಎ. ಪಿ. ಕಾರ್ಟರ್, ಅವರ ಹೆಂಡತಿ ಸಾರಾ, ಸಾರಾಳ ಸೋದರಸಂಬಂಧಿ ಮೇಬೆಲ್. 1927ರ ಆಗಸ್ಟ್ ತಿಂಗಳಲ್ಲಿ ಬ್ರಿಸ್ಟಲ್ ಎಂಬ ಪಟ್ಟಣದಲ್ಲಿ ಅವರ ಮೊದಲ ಗ್ರಾಮಾಫೋನ್ ತಟ್ಟೆಗಳ ಮುದ್ರಣವಾಯಿತು. ಮೇಬೆಲ್ ಹೆಬ್ಬೆರಳಿನಿಂದ ಗಿಟಾರಿನ ದಪ್ಪ ತಂತಿಗಳ ಮೇಲೆ ಹಾಡಿನ ಧಾಟಿಯನ್ನು ನುಡಿಸುತ್ತ, ಉಳಿದ ಬೆರಳುಗಳಿಂದ ತಾಳವನ್ನು ತುಂಬುತ್ತಿದ್ದರು. ಒಂದೇ ವಾದ್ಯ ಎರಡಾಗಿ ಕೇಳುತ್ತಿತ್ತು. ಗಂಡಸು ಎ. ಪಿ. ಊರೂರು ಅಲೆದು ಹಾಡುಗಳನ್ನು ಕೂಡಿಹಾಕಿದವರು. ಅವರ ಜೊತೆ ಲೆಸ್ಲಿ ರಿಡಲ್ ಎಂಬ ಕಪ್ಪು ಜನಾಂಗದ ಗಿಟಾರ್ ವಾದಕರು ತಿರುಗುತ್ತಿದ್ದರು. ಕಾರ್ಟರ್ ಮಾತನ್ನು ಬರೆದುಕೊಂಡರೆ ರಿಡಲ್ ಧಾಟಿಯನ್ನು ನೆನಪಿನಲ್ಲಿ ಹಿಡಿದು ತರುತ್ತಿದ್ದರು. ತಟ್ಟೆಗಳ ಮೇಲೆ ರಿಡಲ್ಲರ ಹೆಸರು ಬರಲಿಲ್ಲ. ಇದು ನೋವಿನ ಸಂಗತಿ, ಆದರೆ ಆ ಕಾಲದಲ್ಲಿ ಅಪರೂಪವಾದ ಸಂಗತಿಯಲ್ಲ.

1938ರಿಂದ ಕೆಲವು ವರ್ಷ ಕಾರ್ಟರ್ ಮನೆತನದ ಹಾಡು ಮೆಕ್ಸಿಕೋ ದೇಶದ ಗಡಿಯಲ್ಲಿದ್ದ ಒಂದು ಬಾನುಲಿ ನಿಲಯದಿಂದ ಪ್ರಸಾರವಾಗುತ್ತಿತ್ತು. ಅಮೆರಿಕದ ಕಾನೂನು ಒಪ್ಪದಷ್ಟು ಪ್ರಬಲವಾದ ಪ್ರಸಾರಯಂತ್ರವನ್ನು ಗಡಿಯ ಆಚೆಗೆ ನಿಲ್ಲಿಸಿ ಅಮೆರಿಕಕ್ಕೇ ಹಾಡು ಕಳಿಸುವ ಉಪಾಯವದು. ಆರ್ಕನ್ಸಾಸಿನ ಹತ್ತಿ ಬೆಳೆಯುವ ಊರೊಂದರಲ್ಲಿ ಕುಳಿತು ಅದನ್ನು ಕೇಳುತ್ತಿದ್ದ ಹುಡುಗರಲ್ಲಿ, ಮುಂದೆ ದೊಡ್ಡ ಗಾಯಕನಾದ ಜಾನಿ ಕ್ಯಾಶ್ ಒಬ್ಬ. ರೇಡಿಯೋದಲ್ಲಿ ಕೇಳಿದ ಆ ಮನೆತನಕ್ಕೇ, ಮೇಬೆಲ್‌ರ ಮಗಳು ಜೂನ್‌ಳ ಕೈಹಿಡಿದು, 1968ರಲ್ಲಿ ಅವನು ಅಳಿಯನಾದ! ಅಭಿಮಾನದ ಫಲ ಎಲ್ಲರಿಗೂ ಇಷ್ಟು ಪರಿಪೂರ್ಣವಾಗಿ ದೊರೆಯುವುದಿಲ್ಲ.

ಇದೇ ಕಾರ್ಟರ್ ಮನೆತನದ ಒಂದು ಧಾಟಿಯನ್ನು ಒಕ್ಲಹೋಮದ ವುಡಿ ಗತ್ರಿ ಎತ್ತಿಕೊಂಡರು. 1940ರ ಫೆಬ್ರವರಿಯಲ್ಲಿ, ರೇಡಿಯೋದಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಒಂದು ದೇಶಭಕ್ತಿಗೀತೆಯಿಂದ ರೋಸಿಹೋಗಿ, ಆ ಹಳೆಯ ಧಾಟಿಗೆ ಹೊಸ ಮಾತು ಕೂಡಿಸಿ 'ದಿಸ್ ಲ್ಯಾಂಡ್ ಈಸ್ ಯುವರ್ ಲ್ಯಾಂಡ್' ಎಂಬ ಹಾಡನ್ನು ಬರೆದರು. ಗತ್ರಿಯವರನ್ನು ಆರಾಧಿಸಿದ ಹುಡುಗನೊಬ್ಬ, ಮಿನ್ನೆಸೋಟದ ಹಿಬ್ಬಿಂಗ್ ಎಂಬ ಗಣಿಯೂರಿನಲ್ಲಿ ಬೆಳೆದವನು, 1961ರ ಜನವರಿಯಲ್ಲಿ ನ್ಯೂಯಾರ್ಕಿಗೆ ಬಂದ. ನರರೋಗದಿಂದ ಆಸ್ಪತ್ರೆ ಸೇರಿದ್ದ ಗತ್ರಿಯವರ ಹಾಸಿಗೆಯ ಬಳಿ ಕುಳಿತು ಅವರ ಹಾಡನ್ನು ಅವರಿಗೇ ಹಾಡಿ ಕೇಳಿಸಿದ. ಅವನೇ ಬಾಬ್ ಡಿಲನ್. 1962ರಲ್ಲಿ ಬಂದ ಅವನ ಮೊದಲ ಧ್ವನಿಮುದ್ರಿಕೆಯಲ್ಲಿ ಗತ್ರಿಯವರನ್ನು ಕುರಿತ ಹಾಡೊಂದಿದೆ. ಅದರ ಧಾಟಿಯೂ ಗತ್ರಿಯವರದೇ. ಗುರುವಿನ ಧಾಟಿಯಲ್ಲೇ ಗುರುವಿಗೆ ನಮಸ್ಕಾರ. ಅವನಿಗೆ ಜಗತ್ಪ್ರಸಿದ್ಧಿ ತಂದ 'ಬ್ಲೋಯಿಂಗ್ ಇನ್ ದಿ ವಿಂಡ್' ಗೀತೆಗೂ ಗುಲಾಮಗಿರಿಯಿಂದ ಬಿಡುಗಡೆಯಾದವರ ಹಳೆಯ ಹಾಡೊಂದರ ಧಾಟಿಯೇ ಆಧಾರ.

ಅಭಿಮಾನಿಗಳ ವಿಷಯಕ್ಕೆ ಬರೋಣ. ಅವರ ಒಳ್ಳೆಯ ಮುಖವನ್ನು ಮೊದಲು ಹೇಳುವುದು ನ್ಯಾಯ. 1952ರಲ್ಲಿ ಹ್ಯಾರಿ ಸ್ಮಿತ್ ಎಂಬ ವಿಚಿತ್ರ ಸಂಗ್ರಾಹಕರು, 1926ರಿಂದ 1933ರವರೆಗಿನ ಹಳೆಯ ತಟ್ಟೆಗಳಿಂದ 84 ಹಾಡುಗಳನ್ನು ಆರಿಸಿ, ಫೋಕ್‌ವೇಸ್ ಸಂಸ್ಥೆಯ ಮೂಲಕ ಒಂದು ಸಂಕಲನ ಹೊರತಂದರು. ನಗರದ ಯುವಕರು ಅದನ್ನು ಪಾರಾಯಣ ಗ್ರಂಥದಂತೆ ಕೇಳಿದರು. ಅದರಲ್ಲಿ ಮಿಸ್ಸಿಸಿಪ್ಪಿ ಜಾನ್ ಹರ್ಟ್ ಎಂಬವರ ಹಾಡುಗಳೂ ಇದ್ದವು. 1928ರಲ್ಲಿ ಕೆಲವು ತಟ್ಟೆಗಳನ್ನು ಕೊಟ್ಟು, ಅವು ಹೆಚ್ಚು ಮಾರಾಟವಾಗದೆ, ಆತ ಹಳ್ಳಿಗೆ ಹಿಂತಿರುಗಿ ಹೊಲದ ಕೆಲಸ ನೋಡಿಕೊಂಡಿದ್ದರು. ಬದುಕಿದ್ದಾರೋ ಇಲ್ಲವೋ ಎಂಬುದೇ ಕೇಳುಗರಿಗೆ ತಿಳಿಯದು. ಆದರೆ ತಮ್ಮ ಒಂದು ಹಾಡಿನಲ್ಲಿ ಆತ ಅವಲಾನ್ ಎಂಬ ತಮ್ಮ ಊರನ್ನು ಹೆಸರಿಸಿದ್ದರು. 1963ರಲ್ಲಿ ವಾಷಿಂಗ್ಟನ್ನಿನ ಯುವ ಅಭಿಮಾನಿಯೊಬ್ಬ ಆ ಒಂದು ಹೆಸರನ್ನು ಹಿಡಿದು ಭೂಪಟದಲ್ಲಿ ಹುಡುಕಿ, ಮಿಸ್ಸಿಸಿಪ್ಪಿಗೆ ಹೋಗಿ ವಿಚಾರಿಸಿದ. ಹರ್ಟ್ ಅಲ್ಲೇ ಇದ್ದರು, ಎಪ್ಪತ್ತರ ಆಸುಪಾಸಿನಲ್ಲಿ. ಬೆರಳುಗಳ ನಯವೂ ಮೆಲುದನಿಯೂ ಹಾಗೇ ಉಳಿದಿದ್ದವು. ಅದೇ ವರ್ಷ ರೋಡ್ ಐಲೆಂಡಿನ ನ್ಯೂಪೋರ್ಟ್ ಜನಪದ ಸಂಗೀತೋತ್ಸವದಲ್ಲಿ ಸಾವಿರಾರು ಜನ ಉಸಿರು ಬಿಗಿಹಿಡಿದು ಅವರ ಹಾಡು ಕೇಳಿದರು. 1966ರಲ್ಲಿ ಅವರು ತೀರಿಕೊಂಡರು. ಆ ಮೂರು ವರ್ಷಗಳ ಸಂಗೀತವನ್ನು ಲೋಕಕ್ಕೆ ಕೊಟ್ಟದ್ದು ಕೇಳುಗರ ಅಭಿಮಾನ.

ಅದೇ 1963ರ ಉತ್ಸವದಲ್ಲಿ ಡಿಲನ್, ಜೋನ್ ಬಯೆಜ್, ಸೀಗರ್ ಮೊದಲಾದವರು ಒಟ್ಟಿಗೆ ನಿಂತು ಹಾಡಿದರು. ಡಿಲನ್ ಆಗ ಎಲ್ಲರ ಕಣ್ಮಣಿ. ಕೈಯಲ್ಲಿ ಮರದ ಗಿಟಾರು, ಕೊರಳಿಗೆ ತೂಗುಹಾಕಿದ ಬಾಯಿವಾದ್ಯ, ಯುದ್ಧವನ್ನೂ ವರ್ಣಭೇದವನ್ನೂ ಪ್ರಶ್ನಿಸುವ ಮಾತು. 'ಇವನು ನಮ್ಮವನು' ಎಂದರು ಜನ. ಅಭಿಮಾನದ ಎರಡನೆಯ ಅರ್ಥ ಇಲ್ಲಿ ತಲೆಯೆತ್ತಿತು.

1965ರ ಜುಲೈ 25ರ ರಾತ್ರಿ, ಅದೇ ಉತ್ಸವದಲ್ಲಿ, ಡಿಲನ್ ವಿದ್ಯುತ್ ಗಿಟಾರು ಹಿಡಿದು, ಡೋಲು, ಆರ್ಗನ್ ಮೊದಲಾದ ಮೇಳದೊಡನೆ ವೇದಿಕೆ ಹತ್ತಿದ. ವಿದ್ಯುತ್ ಗಿಟಾರಿನ ಮರ್ಮ ಸರಳವಾದದ್ದು. ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿನಂತೆ ಸಣ್ಣನೆಯ ತಾಮ್ರದ ತಂತಿಯ ಸುರುಳಿ. ಉಕ್ಕಿನ ತಂತಿ ಮಿಡಿದಾಗ ಸುರುಳಿಯಲ್ಲಿ ಅಲ್ಪ ವಿದ್ಯುತ್ತು ಹುಟ್ಟುತ್ತದೆ. ಧ್ವನಿವರ್ಧಕ ಅದನ್ನು ಹಿಗ್ಗಿಸುತ್ತದೆ. ನಾದವನ್ನು ಹೊರಡಿಸಲು ಮರದ ಟೊಳ್ಳು ಪೆಟ್ಟಿಗೆಯೇ ಬೇಕಿಲ್ಲ. ಸ್ವರವನ್ನು ಬೇಕಾದಷ್ಟು ಹೊತ್ತು ಎಳೆಯಬಹುದು, ಗುಡುಗಿಸಬಹುದು. ಆ ರಾತ್ರಿ ಗುಡುಗೇ ಆಯಿತು. ಮೂರು ಹಾಡು ಮುಗಿಯುವುದರೊಳಗೆ ಸಭೆಯಲ್ಲಿ ಚಪ್ಪಾಳೆಯೊಂದಿಗೆ ಧಿಕ್ಕಾರದ ಕೂಗೂ ಎದ್ದಿತು. ಡಿಲನ್ ಒಳಗೆ ಹೋಗಿ, ಮರದ ಗಿಟಾರಿನೊಂದಿಗೆ ಮತ್ತೆ ಬಂದು ಇನ್ನೆರಡು ಹಾಡು ಹೇಳಿ ಹೊರಟುಹೋದ.

ಆ ಕೂಗು ಏಕೆ ಎದ್ದಿತೆಂಬ ಬಗ್ಗೆ ಅಲ್ಲಿದ್ದವರಲ್ಲೇ ಏಕಾಭಿಪ್ರಾಯವಿಲ್ಲ. ವಿದ್ಯುತ್ ವಾದ್ಯದ ಮೇಲಿನ ಕೋಪವೆಂದು ಕೆಲವರು. ಕಾರ್ಯಕ್ರಮ ತೀರ ಚಿಕ್ಕದಾಯಿತೆಂಬ ನಿರಾಶೆಯೆಂದು ಕೆಲವರು. ಶಬ್ದ ಒಡೆದು ಹಾಡಿನ ಮಾತು ಕೇಳಿಸದೆ ಹೋದದ್ದೇ ತಮ್ಮ ಸಿಟ್ಟಿಗೆ ಕಾರಣವೆಂದೂ, ಕೊಡಲಿ ಇದ್ದಿದ್ದರೆ ಧ್ವನಿವರ್ಧಕದ ತಂತಿ ಕಡಿಯುತ್ತಿದ್ದೆನೆಂದು ತಾವು ಅಂದದ್ದು ಅದಕ್ಕಾಗಿಯೇ ಎಂದೂ ಸೀಗರ್ ಮುಂದೆ ಹೇಳಿದರು. ಮಾತು ಕೇಳಿಸಬೇಕೆಂಬ ಹಂಬಲವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಪದ್ಯ ಕಲಿಸುವವನಿಗೆ ಬೇರೆ ಅಭಿಪ್ರಾಯ ಸಾಧ್ಯವೇ? ಈ ವಾದ್ಯದ ಜಗಳ ಆ ಉತ್ಸವದಲ್ಲಿ ಅದಕ್ಕೂ ಮೊದಲೇ ಶುರುವಾಗಿತ್ತೆಂಬುದನ್ನೂ ಹೇಳಬೇಕು. ವಿದ್ಯುತ್ ಗಿಟಾರಿನ ಬಟರ್‌ಫೀಲ್ಡ್ ಮೇಳವನ್ನು ಜನಪದ ವಿದ್ವಾಂಸ ಆಲನ್ ಲೋಮ್ಯಾಕ್ಸರು ಸಭೆಗೆ ಪರಿಚಯಿಸುವಾಗ ಹಗುರವಾಗಿ ಮಾತಾಡಿದರೆಂದು, ಡಿಲನ್ನನ ವ್ಯವಸ್ಥಾಪಕರಿಗೂ ಅವರಿಗೂ ಮಾತಿಗೆ ಮಾತು ಬೆಳೆದು, ಇಬ್ಬರು ಸ್ಥೂಲಕಾಯರೂ ನೆಲದ ಮೇಲೆ ಹೊರಳಾಡಿ ಗುದ್ದಾಡಿದರು. ವಿದ್ವತ್ತು ಎಲ್ಲ ಕಾಲಕ್ಕೂ ರಕ್ಷಣೆ ಕೊಡುವುದಿಲ್ಲ.

ಇಂಗ್ಲೆಂಡಿನಲ್ಲಿ ಸಂಗತಿ ಇನ್ನೂ ಸ್ಪಷ್ಟವಾಯಿತು. 1966ರ ಪ್ರವಾಸದಲ್ಲಿ ಡಿಲನ್ ಮೊದಲರ್ಧ ಒಬ್ಬನೇ ಮರದ ಗಿಟಾರಿನೊಂದಿಗೆ ಹಾಡುತ್ತಿದ್ದ, ಎರಡನೆಯ ಅರ್ಧ ಮೇಳದೊಡನೆ. ಮೊದಲರ್ಧಕ್ಕೆ ಭಕ್ತಿಯಿಂದ ಚಪ್ಪಾಳೆ ತಟ್ಟಿದ ಕೈಗಳೇ ಎರಡನೆಯ ಅರ್ಧದಲ್ಲಿ ನಿಧಾನವಾಗಿ ಒತ್ತಿ ತಟ್ಟಿ ಹಾಡಿಗೆ ಅಡ್ಡಿಮಾಡುತ್ತಿದ್ದವು. ಮೇ 17ರಂದು ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲಿನಲ್ಲಿ ಒಬ್ಬ 'ಜೂಡಾಸ್!' ಎಂದು ಅರಚಿದ. ಕನ್ನಡ ಬೈಬಲಿನಲ್ಲಿ ಯೂದನೆಂದು ಕರೆಯುವ, ಮೂವತ್ತು ಬೆಳ್ಳಿ ನಾಣ್ಯಕ್ಕೆ ಗುರುವನ್ನು ಹಿಡಿದುಕೊಟ್ಟ ಶಿಷ್ಯನ ಹೆಸರದು. ಗಾಯಕನನ್ನು ಶಿಷ್ಯದ್ರೋಹಿಯ ಸ್ಥಾನದಲ್ಲಿ ನಿಲ್ಲಿಸಿದ ಮೇಲೆ ಕ್ರಿಸ್ತನ ಸ್ಥಾನದಲ್ಲಿ ಕುಳಿತವರು ಯಾರು? ಅಭಿಮಾನಿಗಳೇ ಅಲ್ಲವೆ! ನಿನ್ನ ಮಾತನ್ನು ನಾನು ನಂಬುವುದಿಲ್ಲ ಎಂದು ಡಿಲನ್ ಉತ್ತರಿಸಿ, ಮೇಳದವರಿಗೆ ಜೋರಾಗಿ ನುಡಿಸುವಂತೆ ಹೇಳಿ, ಮುಂದಿನ ಹಾಡಿಗೆ ಹೋದ.

ಈ ಜನರನ್ನು ಮೂಢರೆಂದು ತಳ್ಳಿಹಾಕುವುದು ಸುಲಭ. ನಾನು ಹಾಗೆ ಮಾಡಲಾರೆ. ಅವರ ಪಾಲಿಗೆ ಮರದ ಗಿಟಾರು ಬರಿಯ ವಾದ್ಯವಾಗಿರಲಿಲ್ಲ. ಅದು ಮುಷ್ಕರದ, ಮೆರವಣಿಗೆಯ, ಸೆರೆಮನೆಯ ಸಂಗಾತಿ. ವಿದ್ಯುತ್ ಗಿಟಾರೆಂದರೆ ಅಂಗಡಿಬೀದಿಯ, ಕುಣಿತದ, ಹಣದ ಸಂಗೀತ. ತಮ್ಮ ಪಕ್ಷದ ಕವಿ ಎದುರು ಪಕ್ಷ ಸೇರಿದನೆಂಬ ವ್ಯಥೆ ಅದು. ಆದರೆ ಅವರು ಮರೆತ ಸಂಗತಿಗಳಿದ್ದವು. ಅವರು ಶುದ್ಧವೆಂದು ಪೂಜಿಸಿದ ಹ್ಯಾರಿ ಸ್ಮಿತ್ತರ 84 ಹಾಡುಗಳೂ ಮೂಲತಃ ಮಾರಾಟಕ್ಕೆಂದೇ ಮಾಡಿದ ತಟ್ಟೆಗಳು. ಜಾನ್ ಹರ್ಟರ ಮೆಲುದನಿ ಕೊನೆಯ ಸಾಲಿನವರಿಗೂ ಮುಟ್ಟಿದ್ದು ಮೈಕ್ರೋಫೋನಿನಿಂದ, ಅಂದರೆ ವಿದ್ಯುತ್ತಿನಿಂದಲೇ. ಡಿಲನ್ ಹೈಸ್ಕೂಲಿನಲ್ಲಿದ್ದಾಗ ರಾಕ್ ಮೇಳ ಕಟ್ಟಿಕೊಂಡು ಕಿರುಚಾಡಿದವನೇ. ಜನಪದಗೀತೆಗೆ ಬಂದದ್ದು ಆಮೇಲೆ. ವಾದ್ಯಕ್ಕೆ ಜಾತಿ ಹಚ್ಚುವ ಈ ರೋಗ ಅಮೆರಿಕದವರದೊಂದೇ ಅಲ್ಲವೆಂಬುದಕ್ಕೆ, 1940ರಿಂದ ಮೂರು ದಶಕ ನಮ್ಮ ಬಾನುಲಿ ನಿಲಯಗಳ ಬಾಗಿಲು ಹಾರ್ಮೋನಿಯಮ್ಮಿಗೆ ಮುಚ್ಚಿದ್ದುದೇ ಸಾಕ್ಷಿ.

2016ರಲ್ಲಿ ಡಿಲನ್ನನಿಗೆ ಸಾಹಿತ್ಯದ ನೊಬೆಲ್ ಬಹುಮಾನ ಬಂದಾಗ, ಅಮೆರಿಕದ ಹಾಡಿನ ಪರಂಪರೆಯೊಳಗೇ ಹೊಸ ಕಾವ್ಯವನ್ನು ನಿರ್ಮಿಸಿದ್ದಕ್ಕಾಗಿ ಅದನ್ನು ಕೊಡಲಾಗಿದೆಯೆಂದು ಸ್ವೀಡಿಶ್ ಅಕಾಡೆಮಿಯವರು ಹೇಳಿದರು. 'ಒಳಗೇ' ಎಂಬುದಕ್ಕೆ ನಾನು ಗೆರೆ ಎಳೆಯುತ್ತೇನೆ. ಮ್ಯಾಂಚೆಸ್ಟರಿನಲ್ಲಿ ಕೂಗಿದವನ ಲೆಕ್ಕದಲ್ಲಿ ಆತ ಐವತ್ತು ವರ್ಷಗಳ ಹಿಂದೆಯೇ ಅದರಿಂದ ಹೊರಗೆ ಹೋದವನು.

ಕೇಳಬೇಕೆಂಬ ಕುತೂಹಲ ಹುಟ್ಟಿದ್ದರೆ ಅಬ್ಬರದಿಂದ ಆರಂಭಿಸಬೇಡಿರಿ. ಕಾರ್ಟರ್ ಮನೆತನದ 'ವೆನ್ ದಿ ವರ್ಲ್ಡ್ಸ್ ಆನ್ ಫೈರ್' ಕೇಳಿ, ಅದರ ಹಿಂದೆಯೇ ಗತ್ರಿಯವರ ಹಾಡನ್ನು ಕೇಳಿರಿ. ಇಂಗ್ಲಿಷ್ ಬಾರದಿದ್ದರೂ ಧಾಟಿಯ ನಂಟು ತಾನಾಗಿ ತಿಳಿಯುತ್ತದೆ. ಬಳಿಕ ಜಾನ್ ಹರ್ಟ್, ರಾತ್ರಿ ಊಟವಾದ ಮೇಲೆ. ಮ್ಯಾಂಚೆಸ್ಟರಿನ ಕಾರ್ಯಕ್ರಮದ ಮುದ್ರಣ, ಬಹುಕಾಲ ಕದ್ದ ಪ್ರತಿಗಳಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನದೆಂಬ ತಪ್ಪು ಹೆಸರಿನಿಂದ ಓಡಾಡಿ, 1998ರಲ್ಲಿ ಅಧಿಕೃತವಾಗಿ ಹೊರಬಂದಿದೆ. ಅದರ ಮೊದಲರ್ಧದಲ್ಲಿ ಸಭೆಯೆಲ್ಲ ಸದ್ದಿಲ್ಲದೆ ಕುಳಿತಿದೆ. ಎರಡನೆಯ ಅರ್ಧದ ಕೊನೆಯಲ್ಲಿ ಆ ಕೂಗು, ಅದಕ್ಕೆ ಕೆಲವರ ಚಪ್ಪಾಳೆ, ಗಾಯಕನ ಉತ್ತರ, ಆಮೇಲೆ ಡೋಲಿನ ಒಂದು ಪೆಟ್ಟು, ಎಲ್ಲವೂ ಒಂದರ ಹಿಂದೊಂದು ಕೇಳುತ್ತವೆ. ಮಕ್ಕಳು ಮನೆಯಲ್ಲಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ಯಾವ ಹಾಡು ಯಾವುದೆಂದು ಅವರೇ ನಿಮಗೆ ಹೇಳಿಯಾರು.